ವಿಚಾರಣಾ ಆಯೋಗ ಆರಿಸಿದ ರೆಕಾರ್ಡರ್

ತಮ್ಮನಿಗೆ ಮನೆಯವರು ಇಟ್ಟ ಹೆಸರು ವಿಚಾರಣಾ ಆಯೋಗ. ಸುಮ್ಮನೆ ಇಟ್ಟದ್ದಲ್ಲ. ಬೇಸಿಗೆಗೆ ಫ್ರಿಜ್ ಬೇಕೆಂದು ವಿಚಾರಣೆಗೆ ಕೂತವನು ಅದನ್ನು ಮನೆಗೆ ತರುವಷ್ಟರಲ್ಲಿ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಆಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈ ಸಲ ನಗು ಬರಲಿಲ್ಲ, ಕೆಡುತ್ತಿದ್ದದ್ದು ಹಾಲಲ್ಲ, ಅವಳ ಗಂಟಲು.

ಬಸ್ ನಿಲ್ದಾಣದ ಮೈಕಿನ ಮುಂದೆ ಕೂತೇ ತಲೆ ನರೆತವಳು ಅಕ್ಕ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಮಗು ಅಳುತ್ತಾ ಕೂತಿದೆ, ಎಲ್ಲವೂ ಅವಳ ಬಾಯಿಂದಲೇ ಜನಕ್ಕೆ ತಿಳಿಯಬೇಕಿತ್ತು. ದನಿ ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಆಮೇಲೆ ಆ ಕುರ್ಚಿಗೆ ಕಂಪ್ಯೂಟರ್ ಬಂತು. ಅವಳ ದನಿಯ ಒಂದು ತುಣುಕನ್ನೂ ಯಾರೂ ಎತ್ತಿಡಲಿಲ್ಲ. ಈಗ ನೋಡಿದರೆ ಡಾಕ್ಟರು, ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದುಬಿಟ್ಟಿದ್ದರು.

"ಅಷ್ಟರೊಳಗೆ ನಿನ್ನ ನಿಲ್ದಾಣದ ಕಥೆಗಳನ್ನ ಪಾಡ್‌ಕಾಸ್ಟ್ ಮಾಡೋಣ ಅಕ್ಕ. ನಿನ್ನ ದನಿ ಉಳಿಯುತ್ತೆ," ಎಂದ ತಮ್ಮ.

ಅವಳಿಗೆ ಆಸೆ ಹುಟ್ಟಿದ್ದು ಸುಳ್ಳಲ್ಲ. "ಫೋನಲ್ಲೇ ಶುರು ಮಾಡೋ," ಎಂದಳು.

"ಫೋನಾ? ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತೆ. ಒಳ್ಳೇ ರೆಕಾರ್ಡರ್ ತರ್ತೀನಿ, ತಡಿ."

ತಡೆದಳು. ಇದರಲ್ಲಿ ಸುಯ್ ಅಂತ ಸದ್ದು ಬರುತ್ತದಂತೆ, ಅದರ ಬ್ಯಾಟರಿ ನಿಲ್ಲುವುದಿಲ್ಲವಂತೆ, ಇನ್ನೊಂದಕ್ಕೆ ಹೊರಗಿನ ಮೈಕ್ ಸಿಕ್ಕಿಸಲು ಜಾಗವಿಲ್ಲವಂತೆ. ಊಟಕ್ಕೆ ಕೂತರೂ ಅದೇ, ಕೈ ತೊಳೆಯುವಾಗಲೂ ಅದೇ. ಅಂಗಡಿಗೆ ಕರೆದೊಯ್ದು ಒಂದೊಂದರ ಮುಂದೆಯೂ ಅವಳಿಂದ "ಪ್ರಯಾಣಿಕರ ಗಮನಕ್ಕೆ" ಅನ್ನಿಸಿದ. ಗಂಟಲು ಸೀಳುವಂತಾಗುತ್ತಿದ್ದರೂ ಅಂದಳು. ಅಂಗಡಿಯವನೇ ಬೇಸತ್ತು, "ಸಾರ್, ಅಂಗಡಿ ಇಡೋವಾಗ ನಾನೂ ಇಷ್ಟು ಯೋಚ್ನೆ ಮಾಡಿರ್ಲಿಲ್ಲ," ಎಂದ. ತಮ್ಮ ಯಾವುದನ್ನೂ ಕೊಳ್ಳದೆ ಹೊರಬಂದ.

"ನಿನ್ನ ವಿಚಾರಣೆ ಮುಗಿಯೋದ್ರೊಳಗೆ ನನ್ನ ಮಾತೇ ಮುಗಿಯುತ್ತೆ ಕಣೋ," ಎಂದಳು ಅಕ್ಕ. ಬೈಗುಳವೂ ಗೊರಗೊರ ಎನ್ನುತ್ತಿತ್ತು.

ಕೊನೆಗೂ ರೆಕಾರ್ಡರ್ ಬಂತು, ಆಸ್ಪತ್ರೆಗೆ ಸೇರುವ ಹಿಂದಿನ ದಿನ. ಅಂಗೈಯಗಲದ್ದು, ಕಪ್ಪಗೆ ಮುದ್ದಾಗಿತ್ತು. ತಮ್ಮ ಕಿಟಕಿಗೆ ಕಂಬಳಿ ಕಟ್ಟಿದ, ಫ್ಯಾನ್ ಆರಿಸಿದ. ಕರಕರ ಸದ್ದು ಸೇರಿಕೊಳ್ಳುತ್ತದೆಂದು ಅವಳ ಫೋನನ್ನು ಆಫ್ ಮಾಡಿ ಅಡುಗೆಮನೆಗೆ ಸಾಗಿಸಿದ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಗುಂಡಿ ಒತ್ತಿದ. ಕೆಂಪು ದೀಪ ಮಿಟುಕತೊಡಗಿತು.

"ಅದ್ಯಾಕೋ ಕಣ್ಣು ಹೊಡೀತಿದೆ?"

"ಕೆಲಸ ಮಾಡ್ತಿದೆ ಅಂತ ಅರ್ಥ. ನೀನು ಹೇಳು."

ಹೇಳಿದಳು. ಬಿಟ್ಟುಹೋದ ಹೆಂಡತಿ ಎಂದಾದರೂ ಬಸ್ಸು ಬದಲಿಸಲು ಬಂದಾಳೆಂದು ನಂಬಿ, ಪ್ರತಿ ವಾರವೂ ಬಂದು ಅವಳ ಹೆಸರು ಕೂಗಿಸುತ್ತಿದ್ದ ಒಬ್ಬ ಬಡಗಿಯ ಕಥೆ. ನಿಯಮ ಮೀರಿ ಅಕ್ಕ ಕೂಗುತ್ತಿದ್ದಳು. ಆಮೇಲೆ, ಹೇಳಬೇಕೆಂದುಕೊಂಡಿರದಿದ್ದರೂ, ಯಾರಿಗೂ ಹೇಳದಿದ್ದದ್ದು ಬಾಯಿಗೆ ಬಂದೇಬಿಟ್ಟಿತು. ತನ್ನ ಗಂಡ ಮನೆ ಬಿಟ್ಟು ಹೋದ ವರ್ಷ, ಒಂದು ಮಧ್ಯಾಹ್ನ, ಅವಳು ಅವನ ಹೆಸರನ್ನೂ ಅದೇ ಮೈಕಿನಲ್ಲಿ ಕೂಗಿದ್ದಳು. ಎಲ್ಲಿದ್ದರೂ ವಿಚಾರಣಾ ಕೌಂಟರಿಗೆ ಬರಬೇಕೆಂದು. ಕೂಗಿ, ಪಾಳಿ ಮುಗಿದ ಮೇಲೂ ಕೌಂಟರಿನ ಬಳಿ ನಿಂತಿದ್ದಳು. ಇದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿಳಿಯಿತು. ತಮ್ಮ ಕತ್ತೆತ್ತಲಿಲ್ಲ. ಕೊನೆಗೆ ನಿಲ್ಲಿಸುವ ಗುಂಡಿ ಒತ್ತಿ, ರೆಕಾರ್ಡರನ್ನು ಅದರ ಚೀಲಕ್ಕೆ ಹಾಕಿ ಜಿಪ್ ಎಳೆದ. ಅವಳಿಗೆ ಎದೆ ಹಗುರಾಯಿತು.

ಅವಳು ಆಸ್ಪತ್ರೆಯಿಂದ ಮನೆಗೆ ಬಂದಾಗ ಕತ್ತಿನಲ್ಲೊಂದು ತೂತು, ಕೈಯಲ್ಲೊಂದು ಸ್ಲೇಟು. ತಮ್ಮ ರೆಕಾರ್ಡರ್ ತೆರೆದ. ಹಿಂದೆ ಮುಂದೆ ತಡಕಾಡಿದ. ಏನೂ ಇರಲಿಲ್ಲ. ಮೊದಲ ಸಲ ಒತ್ತಿದರೆ ಅದು ಸಿದ್ಧವಾಗುತ್ತದೆ, ಅಷ್ಟೇ. ದೀಪ ಮಿಟುಕುತ್ತದೆ, ಕಿವಿಗೆ ದನಿ ಕೇಳಿಸುತ್ತದೆ. ಅದನ್ನೇ ಇನ್ನೊಮ್ಮೆ ಒತ್ತಿದರೆ ಮಾತ್ರ ದೀಪ ಮಿಟುಕದೆ ನಿಲ್ಲುತ್ತದೆ, ರೆಕಾರ್ಡ್ ಆಗುತ್ತದೆ. ಊರಿಗೆಲ್ಲ ರೆಕಾರ್ಡರ್ ಬಗ್ಗೆ ಪಾಠ ಹೇಳಬಲ್ಲವನು ಎರಡನೇ ಸಲ ಒತ್ತಿರಲಿಲ್ಲ.

"ಬೈದುಬಿಡು ಅಕ್ಕ," ಎಂದು ಅವನು ಮುಖ ಮುಚ್ಚಿಕೊಂಡು ಅತ್ತ.

ಎಲ್ಲಿಂದ ಬೈಯುವುದು? ಬಾಯಿ ತೆರೆದರೂ ಕತ್ತಿನ ತೂತಿನಿಂದ ಬಂದದ್ದು ಬರೀ ಗಾಳಿ. ಅವಳು ಸ್ಲೇಟು ತೆಗೆದುಕೊಂಡಳು. ಹೋಗಲಿ, ಇವನಾದರೂ ಕಿವಿಯಾರೆ ಕೇಳಿದ್ದಾನಲ್ಲ, ಒಂದು ಜೀವಕ್ಕಾದರೂ ತಲುಪಿದೆಯಲ್ಲ. "ನೀನು ಕೇಳಿದ್ದೀಯಲ್ಲ. ನಾನು ಕೊನೆಗೆ ಹೇಳಿದ್ದನ್ನು ನೀನೇ ಹೇಳು," ಎಂದು ಬರೆದು ತೋರಿಸಿದಳು.

ತಮ್ಮ ಓದಿದ. ಅವಳ ಮುಖ ನೋಡಿದ, ರೆಕಾರ್ಡರ್ ನೋಡಿದ.

"ಬಡಗಿ ಕಥೆ ತಾನೆ? ಅದಾದ್ಮೇಲೆ ಏನೋ ಹೇಳ್ದೆ... ನಾನು ರೆಕಾರ್ಡರ್ ಪರದೆ ಮೇಲೆ ದನಿ ಅಳೆಯೋ ಪಟ್ಟಿ ನೋಡ್ತಿದ್ದೆ ಅಕ್ಕ. ದನಿ ಏರಿದ್ರೆ ಕೆಂಪಿಗೆ ಹೋಗಿಬಿಡುತ್ತೆ, ಹೋಗಬಾರದು," ಎಂದ. ಆಮೇಲೆ ಸಮಾಧಾನ ಮಾಡುವವನಂತೆ, "ಒಂದ್ಸಲಾನೂ ಹೋಗ್ಲಿಲ್ಲ. ಅಷ್ಟು ಚೆನ್ನಾಗಿ ಬಂದಿತ್ತು," ಎಂದು ಸೇರಿಸಿದ.

ಅಕ್ಕ ಸೆರಗಿನ ತುದಿಯಿಂದ ಸ್ಲೇಟು ಒರೆಸಿದಳು.