ಹೆಬ್ಬೆರಳಿನ ಜಾಗ

"ಬೆರಳು ಆಡಿಸಿ ನೋಡಿ ಸಾರ್" ಎಂದು ಸೈಕಲ್ ಅಂಗಡಿಯ ಬಾಬು ತಮಿಳಿನಲ್ಲಿ ಎರಡನೆಯ ಸಲ ಹೇಳಿದ.

ಆಡಿಸಿಯಾಗಿತ್ತು. ಆಡಿಸಿದೆನೆಂದು ಶಿವಕಿರಣನಿಗೆ ಅನಿಸಿತ್ತು. ಬೂಟಿನ ಒಳಗಿನ ಕತ್ತಲೆಯಲ್ಲಿ ಬೆರಳುಗಳು ಅವನ ಮಾತು ಕೇಳಿದವೋ, ಅಥವಾ ಕೇಳಿಯೂ ಕೇಳಿಸದ ಗುಮಾಸ್ತರ ಹಾಗೆ ಸುಮ್ಮನೆ ಕೂತವೋ, ಗೊತ್ತಾಗಲಿಲ್ಲ. ಎದುರಿಗೆ ಮೊಣಕಾಲೂರಿ ಕೂತಿದ್ದ ಬಾಬುವಿನ ಮುಖ ನೋಡಿದ. ಅಲ್ಲೇನೂ ಸುಳಿವು ಸಿಗಲಿಲ್ಲ.

"ಟೈಟಾ ಸಾರ್?"

"ಇಲ್ಲ."

"ಲೂಸಾ?"

"ಅದೂ ಇಲ್ಲ."

"ಹಾಗಾದರೆ ಪರ್ಫೆಕ್ಟ್!"

ಶಿವಕಿರಣನೂ ತಲೆಯಾಡಿಸಿದ. ಅಂಗಡಿಯ ಎ.ಸಿ. ಮೈಕೊರೆಯುವಷ್ಟು ತಣ್ಣಗಿದ್ದರೂ ಅವನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು.

"ಅವಸರಪ್ಪಡಾದೀಂಗ ಅಪ್ಪಾ" ಎಂದಳು ಪಕ್ಕದಲ್ಲಿ ನಿಂತಿದ್ದ ಮಗಳು ವೀಕ್ಷಾ. "ನಾಳೈಕ್ಕು ಫುಲ್ಲಾ ಕಲ್ಲುದಾನ್." ಅವಸರ ಬೇಡ, ನಾಳೆ ದಾರಿಯೆಲ್ಲ ಕಲ್ಲೇ ಎಂದು ಅವಳ ಮಾತು. ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದುದು ತಮಿಳು. ಹನ್ನೆರಡನೆಯ ತರಗತಿಯ ಹುಡುಗಿ. ಭಾನುವಾರಗಳಲ್ಲಿ ಒಂದು ಗುಂಪಿನ ಜೊತೆ ಊರಾಚೆಯ ಗುಡ್ಡದ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದಳು. ಅಪ್ಪನೂ ಬರಬೇಕೆಂದು ಒಂದು ವರ್ಷದಿಂದ ಗಂಟುಬಿದ್ದಿದ್ದಳು. ಕೊನೆಗೂ ಅವನು ಒಪ್ಪಿದ್ದ. ಇನ್ನೊಂದು ವರ್ಷ ಕಳೆದರೆ ಅವಳು ಕೇಳುವುದನ್ನೂ ಬಿಟ್ಟಾಳು ಎಂಬ ಹೆದರಿಕೆಯಿಂದ ಒಪ್ಪಿದ್ದ.

ಪೆಡಲಿಗೆ ಕೊಕ್ಕೆ ಹಾಕಿಕೊಳ್ಳುವ ಬೂಟು ಮೊದಲ ಸಲಕ್ಕೆ ಬೇಡ, ಚಪ್ಪಟೆ ಅಟ್ಟೆಯದೇ ಇರಲಿ ಎಂದು ಅವಳೇ ತೀರ್ಮಾನಿಸಿದ್ದಳು. ಉಳಿದದ್ದನ್ನು ಶಿವಕಿರಣ ಓದಿಕೊಂಡಿದ್ದ. ಪರೀಕ್ಷೆಗೆ ಓದುವ ಹಾಗೆ ಓದಿದ್ದ. ಅಟ್ಟೆ ಗಟ್ಟಿಯಿರಬೇಕು, ರಬ್ಬರು ಪೆಡಲಿಗೆ ಅಂಟಬೇಕು. ಹಿಮ್ಮಡಿ ಏಳಬಾರದು. ತುದಿಯಲ್ಲಿ ಕೈಯ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಪಾದ ಊದಿರುವ ಮಧ್ಯಾಹ್ನದ ಮೇಲೆಯೇ ಹೋಗಿ ಕೊಳ್ಳಬೇಕು. ಇಷ್ಟೆಲ್ಲ ಹೇಳಿದವರೆಲ್ಲ ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: ಯಾವುದು ಹಿತವೆಂದು ನಿಮ್ಮ ಕಾಲೇ ಹೇಳುತ್ತದೆ.

ಅವನ ಕಾಲು ಏನನ್ನೂ ಹೇಳುವುದನ್ನು ಬಿಟ್ಟು ತಿಂಗಳುಗಳಾಗಿದ್ದವು.

ಮೊದಲು ಬೆರಳ ತುದಿಗಳು, ಆಮೇಲೆ ಬೆರಳುಗಳು, ಈಗ ಮುಂಗಾಲು. ಸಕ್ಕರೆ ಕಾಯಿಲೆ ಇರುವುದು ಮನೆಯಲ್ಲಿ ಗೊತ್ತಿತ್ತು. 'ಸ್ವಲ್ಪ ಜಾಸ್ತಿ' ಎಂದಿದ್ದ. ಎಷ್ಟು ಜಾಸ್ತಿ ಎಂದು ಹೇಳಿರಲಿಲ್ಲ. ಅಂಬತ್ತೂರಿನ ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವುದು ಅವನ ಕೆಲಸ. ಜನ ಮುಚ್ಚಿಟ್ಟ ಕಾಯಿಲೆಯನ್ನು ಪತ್ತೆಹಚ್ಚುವುದರಲ್ಲಿ ಅವನದು ಎತ್ತಿದ ಕೈ ಎಂದು ಅಲ್ಲಿ ಹೆಸರಿತ್ತು.

"ಇನ್ನೊಂದು ಮಾಡೆಲ್ ನೋಡ್ತೀರಾ ಸಾರ್? ಇದಕ್ಕಿಂತ ಮೆತ್ತಗಿದೆ."

"ನೋಡೋಣ" ಎಂದ. ನೋಡುವುದೊಂದೇ ಅವನ ಕೈಯಲ್ಲಿತ್ತು.

ಬಾಬು ಹೊಸ ಡಬ್ಬಿ ತೆರೆದ. ಬಲಗಾಲಿನ ಬೂಟನ್ನು ಬಿಡಿಸಿ ಹೊಸದನ್ನು ತೊಡಿಸಿದ. ಅಷ್ಟರಲ್ಲಿ ಫೋನ್ ಬಂತು. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಎಡಗಾಲಿನದನ್ನೂ ತೊಡಿಸಿ, ಲೇಸು ಬಿಗಿದು, ಮಾತಾಡುತ್ತಲೇ ಆಚೆ ಹೋದ.

ಶಿವಕಿರಣ ಎರಡೂ ಬೂಟುಗಳನ್ನು ಹೊರಗಿನಿಂದ ನೋಡಿದ. ಚೆನ್ನಾಗಿದ್ದವು. ಅಪ್ಪ ಪರಮೇಶ್ವರಪ್ಪನ ಬೂಟುಗಳೂ ಚೆನ್ನಾಗಿಯೇ ಇದ್ದವು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಅಪ್ಪ, ಕಲಬುರಗಿಯಲ್ಲಿ ತಂಗಿಯ ಮಗಳ ಮದುವೆಗೆಂದು ಹೊಸ ಬೂಟು ಕೊಂಡಿದ್ದ. ಅದು ಕಚ್ಚಿತು. ಕಚ್ಚಿದ್ದು ಗೊತ್ತಾಗದೆ ಮೂರು ದಿನ ಚಪ್ಪರದಲ್ಲೆಲ್ಲ ಓಡಾಡಿದ. ಬೀಗರು "ಆರಾಮ ಅದೀರೇನ್ರಿ" ಎಂದಾಗಲೆಲ್ಲ "ಆರಾಮ್ರಿ" ಎಂದ. ವಾಪಸು ಬಂದ ಮೇಲೆ ಮೊದಲು ಒಂದು ಬೆರಳು ತೆಗೆದರು. ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಅಪ್ಪ ಕಂತಿನಲ್ಲಿ ಹೋದ.

ಆದ್ದರಿಂದ ಈ ಬೂಟು ಹಿತವಾಗಿರಲೇಬೇಕಿತ್ತು. ಇಲ್ಲವಾದರೆ ಅದು ಕಚ್ಚುತ್ತದೆ, ಕಚ್ಚಿದ್ದು ಅವನಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಹೇಳಿಬಿಡಬಹುದಿತ್ತು. ಹೇಳಿದ ಕ್ಷಣದಿಂದ ತಾನು ಅಪ್ಪನಾಗಿಬಿಡುತ್ತೇನೆ ಎನ್ನುವುದು ಅವನ ಭಯವಾಗಿತ್ತು.

ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ ಸೌಂದರ್ಯಾ.

"ತಗೊಂಡ್ರೇನ್ರಿ ಬೂಟ್?"

"ನೋಡಾಕತ್ತೀನಿ."

"ಶನಿವಾರ ಕಾಲಾಗ ಹಾಕೋದು ಯಾರರೆ ಕೊಳ್ತಾರೇನ್ರಿ? ನಿನ್ನೆ ಹೋಗ್ರಿ ಅಂದ್ರ ಕೇಳಲಿಲ್ಲ. ಇರಲಿ ಬಿಡ್ರಿ, ನಿಮಗ ಆ ಈಶ್ವರ ಅದಾನ."

ಅವಳ ಧ್ವನಿಯಲ್ಲಿ ಹೆಮ್ಮೆಯಿತ್ತು. ಅದಕ್ಕೊಂದು ಕಾರಣವೂ ಇತ್ತು. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳಲ್ಲಿ ಇಬ್ಬರೂ ತಿರುವಾನ್ಮಿಯೂರಿನ ಈಶ್ವರನ ಗುಡಿಗೆ ಹೋಗಿದ್ದರು. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಾಗಿತ್ತು, ಪ್ರಾಕಾರದ ಕಲ್ಲು ಕಾದ ಹೆಂಚಾಗಿತ್ತು. ಹಾಸಿದ್ದ ನಾರಿನ ಚಾಪೆಯ ಮೇಲೆ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡುತ್ತಿದ್ದರು. ಶಿವಕಿರಣ ಮಾತ್ರ ಚಾಪೆ ಬಿಟ್ಟು ಬರಿಗಲ್ಲಿನ ಮೇಲೆ ನಿಧಾನವಾಗಿ, ಏನೋ ಯೋಚಿಸುತ್ತ, ಪ್ರದಕ್ಷಿಣೆ ಮುಗಿಸಿದ. ಒಬ್ಬ ಮುದುಕಿ ಅವನಿಗೆ ಕೈಮುಗಿದಳು. ಸೌಂದರ್ಯಾಳ ಕಣ್ಣಲ್ಲಿ ನೀರು ಬಂತು. ಆ ರಾತ್ರಿಯೇ ಊರಿನ ಬಳಗಕ್ಕೆಲ್ಲ ಫೋನ್ ಮಾಡಿ ಗಂಡನ ಭಕ್ತಿಯನ್ನು ವರ್ಣಿಸಿದಳು.

ಅವಳು ಫೋನಿನಲ್ಲಿದ್ದಾಗ ಅವನು ಬಚ್ಚಲಿನ ಬಾಗಿಲು ಹಾಕಿಕೊಂಡು ಅಂಗಾಲಿನ ಬೊಬ್ಬೆಗಳನ್ನು ನೋಡುತ್ತ ಕೂತಿದ್ದ. ಅವು ಮಾಯುವ ತನಕ ಆಫೀಸಿನ ಶೌಚಾಲಯದಲ್ಲಿ ಪಟ್ಟಿ ಬದಲಿಸಿದ. ಆ ದೇವರಿಗೆ ಅಲ್ಲಿ ಔಷಧಿಯ ಒಡೆಯನೆಂದು ಹೆಸರು.

"ಒಂದು ರೌಂಡ್ ಹೊಡೆದು ಬನ್ನಿ ಸಾರ್" ಎಂದು ಬಾಬು ಒಂದು ಸೈಕಲ್ಲನ್ನು ಹೊರಗೆ ನಿಲ್ಲಿಸಿದ.

ವೇಲಚೇರಿಯ ಆ ಗಲ್ಲಿಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಶಿವಕಿರಣ ಹತ್ತಿ ತುಳಿದ. ಎಡಗಾಲು ಪೆಡಲಿನ ಮೇಲಿದೆಯೇ ಎಂದು ಬಗ್ಗಿ ನೋಡಿದ. ಇತ್ತು. ತುಳಿದ. ಮತ್ತೆ ನೋಡಿದ. ತುದಿಗೆ ಸರಿದಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಹಾರ್ನ್ ಕಿರುಚಿತು. ತಲೆಯೆತ್ತಿದರೆ ನೀರಿನ ಲಾರಿ ಎದುರಿಗೇ ನಿಂತಿತ್ತು. "ಕೀಳೆ ಎನ್ನಯ್ಯಾ ಪಾಕ್ಕಿರೆ?" ಎಂದು ಡ್ರೈವರ್ ಬೈದ. ಕೆಳಗೆ ಏನು ನೋಡುತ್ತಿದ್ದೀಯಾ ಎಂದರೆ ಅವನು ಏನು ಹೇಳಬೇಕು?

ನಾಳೆಯ ಇಳಿಜಾರು, ಕಲ್ಲುಗಳು, ಎರಡೂ ಬದಿಯ ಜಾಲಿಮುಳ್ಳು ಕಣ್ಣ ಮುಂದೆ ಬಂದವು. ಅಲ್ಲಿ ಕೆಳಗೆ ನೋಡಲು ಬಿಡುವಿರುವುದಿಲ್ಲ. ಅವಳು ಮುಂದೆ ಹೋಗುತ್ತ "ವಾಂಗ ಅಪ್ಪಾ" ಎಂದು ಕರೆಯುತ್ತಾಳೆ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಸೈಕಲ್ಲನ್ನು ತಳ್ಳಿಕೊಂಡೇ ವಾಪಸು ಬಂದ.

"ಎಪ್ಪಡಿ?" ಹೇಗಿದೆ ಎಂದು ಕೇಳಿದಳು ವೀಕ್ಷಾ.

"ಸೂಪರ್. ಬೆರಳಿಗೂ ಬೇಕಾದಷ್ಟು ಜಾಗ ಅದ. ಇದೇ ಇರಲಿ."

"ನಿಜಮಾ?"

"ಹೌದವ್ವಾ. ಹತ್ತಿ ಮ್ಯಾಲ ಇಟ್ಟಂಗ ಅದ."

ಬೆಂಚಿನ ಮೇಲೆ ಕೂತ. ಲೇಸು ಬಿಚ್ಚಲು ಅವಳೇ ಕೆಳಗೆ ಕೂತಳು. ಬಲಗಾಲಿನ ಬೂಟು ಬಂತು. ಎಡಗಾಲಿನದು ಸ್ವಲ್ಪ ಬಿಗಿಯಾಗಿತ್ತು. ಎಳೆದಳು. ಬೂಟಿನ ಹಿಂದೆಯೇ ಏನೋ ನೆಲಕ್ಕೆ ಬಿತ್ತು.

ಕಾಗದದ ಉಂಡೆ. ಹೊಸ ಬೂಟಿನ ಮೂತಿ ಕುಗ್ಗದಿರಲೆಂದು ತುರುಕಿರುತ್ತಾರಲ್ಲ, ಅದು. ಅವನ ಬೆರಳುಗಳು ಒತ್ತಿ ಒತ್ತಿ ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಬಾಬು ನಕ್ಕ. "ಅಯ್ಯಯ್ಯೋ, ಸಾರಿ ಸಾರ್! ಫೋನಿನಲ್ಲಿ ಮರೆತೆ. ನೀವಾದರೂ ಹೇಳಬಾರದಾ? ಹಾಗಾದರೆ ಈ ಸೈಜ್ ದೊಡ್ಡದಾಯಿತು. ಇರಿ, ಒಂದು ಕಡಿಮೆ ತರುತ್ತೇನೆ" ಎನ್ನುತ್ತ ಒಳಗೆ ಹೋದ.

ಶಿವಕಿರಣನೂ ನಗಲು ನೋಡಿದ. ವೀಕ್ಷಾ ನಗಲಿಲ್ಲ. ಉಂಡೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

"ಇದು ಇತ್ತಲ್ಲ ಒಳಗೆ" ಎಂದಳು. ತಮಿಳು ಎಲ್ಲಿ ಹೋಯಿತೋ, ಒಡಕು ಕನ್ನಡದಲ್ಲಿ ಹೇಳಿದಳು.

"ಗಡಬಡಿಯಾಗ ಲಕ್ಷ್ಯ ಹೋಗಲಿಲ್ಲ."

"ತಾತಗೂ ಹೀಗೇ ಅಲ್ಲವಾ?"

"ಏನೇನರೆ ಮಾತಾಡಬ್ಯಾಡ. ಅಂವ ಬರ್ತಾನ ಈಗ."

ಅವಳು ಉಂಡೆಯನ್ನು ಪಕ್ಕಕ್ಕಿಟ್ಟಳು. ಅವನ ಮುಖವನ್ನೇ ನೋಡಿದಳು. "ಕಣ್ಣು ಮುಚ್ಚಿಕೋ ಅಪ್ಪಾ. ಯಾವ ಬೆರಳು ಮುಟ್ಟುತ್ತೀನಿ, ಹೇಳು."

"ಅಂಗಡ್ಯಾಗೇನಿದು?"

"ಮುಚ್ಚಿಕೋ."

ಬೇಡ ಎಂದರೆ ಒಪ್ಪಿಕೊಂಡ ಹಾಗಾಗುತ್ತಿತ್ತು. ಕಣ್ಣು ಮುಚ್ಚಿದ. ಇರುವುದು ಐದೇ ಬೆರಳು, ಊಹಿಸಿದರೂ ಒಂದೆರಡು ಸಲ ಸರಿಯಾಗುತ್ತದೆ. ಮೊದಲು ಹೆಬ್ಬೆರಳನ್ನೇ ಮುಟ್ಟುತ್ತಾಳೆ, ಯಾರಾದರೂ ಅಲ್ಲಿಂದಲೇ ಶುರು ಮಾಡುವುದು. ಆಮೇಲೆ ಮೋಸ ಮಾಡಲು ಕಿರುಬೆರಳಿಗೆ ಹೋಗುತ್ತಾಳೆ. ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ಕಾದ. ಒಳಗೆ ಬಾಬು ಡಬ್ಬಿಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು. ಹೊರಗೆ ಯಾವುದೋ ರೈಲು ನಿಲ್ದಾಣಕ್ಕೆ ಬರುತ್ತಿತ್ತು.

"ಹೂಂ, ಶುರು ಮಾಡು" ಎಂದ.

ಹೆಬ್ಬೆರಳು, ಆಮೇಲೆ ಕಿರುಬೆರಳು ಎಂದು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ.

"ಶುರು ಮಾಡವ್ವಾ, ಎಷ್ಟೊತ್ತು?"

ಯಾರೋ ಮೂಗೆಳೆದ ಸದ್ದು. ಕಣ್ಣು ತೆರೆದ.

ವೀಕ್ಷಾ ಅವನ ಮುಂಗಾಲನ್ನು ಎರಡೂ ಕೈಗಳಿಂದ ಹಿಂಡಿ ಹಿಡಿದಿದ್ದಳು. ಅವಳ ಗೆಣ್ಣುಗಳು ಬಿಳಿಚಿಕೊಂಡಿದ್ದವು, ಉಗುರುಗಳು ಕಾಲ್ಚೀಲದೊಳಕ್ಕೆ ಇಳಿದಿದ್ದವು. ಅವನು ಕಣ್ಣು ತೆರೆದದ್ದನ್ನು ನೋಡಿಯೂ ಬಿಡಲಿಲ್ಲ. ತೋಳು ನಡುಗುವ ಹಾಗೆ ಇನ್ನೂ ಬಲವಾಗಿ ಒತ್ತುತ್ತಿದ್ದಳು, ಒಳಗೆ ಯಾರೋ ಇದ್ದಾರೆಂದು ನಂಬಿ ಮುಚ್ಚಿದ ಮನೆಯ ಬಾಗಿಲು ಬಡಿಯುವವರ ಹಾಗೆ.