ಸತ್ತವನಿಗೆ ಕಟ್ಟಿದ ಬೆಲ್ಟು

ಹನ್ನೊಂದನೇ ಮಹಡಿಯಿಂದ ಬಿದ್ದು ಸತ್ತವನ ಸೊಂಟಕ್ಕೆ, ಸತ್ತ ಮೇಲೆ, ಹೊಸ ಬೆಲ್ಟು ಕಟ್ಟಿದರು. ಕಟ್ಟಿದವನು ಮೇಸ್ತ್ರಿ. ಫೋಟೊ ತೆಗೆದವನು ಗುತ್ತಿಗೆದಾರ. ಪೊಲೀಸರನ್ನು ಕರೆದದ್ದು ಆಮೇಲೆ.

ಇದನ್ನು ಮೇಲಿನಿಂದ ಕಂಡವನು ಸತ್ತವನ ಭಾವಮೈದ. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಕಟ್ಟಡದ ಗಾಜು ಒರೆಸುತ್ತಿದ್ದರು. ಹಲಗೆಯ ಒಂದು ಕಡೆಯ ಹಗ್ಗ ಕಡಿದುಹೋಯಿತು. ಭಾವ ಕೆಳಗೆ ಹೋದ. ಇವನು ಸೊಂಟದ ಹಗ್ಗದಲ್ಲಿ ನೇತಾಡುತ್ತ ಉಳಿದ. ಬದುಕಿದ್ದವನನ್ನು ಮೇಲೆಳೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಮೊದಲು ಹೆಣದ ಸಿಂಗಾರ ಮುಗಿಯಬೇಕಿತ್ತು.

ಐದನೇ ದಿನ ಬೆಳಿಗ್ಗೆ ಅವನನ್ನೂ, ಸತ್ತವನ ಹೆಂಡತಿಯಾದ ಅವನ ಅಕ್ಕನನ್ನೂ ಗುತ್ತಿಗೆದಾರ ಕಚೇರಿಗೆ ಕರೆಸಿದ. ಕಿಟಕಿಯ ಪಕ್ಕ ಎರಡು ಕಬ್ಬಿಣದ ಕುರ್ಚಿ ಹಾಕಿಸಿದ್ದ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಕಾಗದ ಓದತೊಡಗಿದ.

"ಇಬ್ಬರು ಕೆಲಸಗಾರರಿಗೂ ಸುರಕ್ಷತಾ ಬೆಲ್ಟು ಮತ್ತು ಜೀವದ ಹಗ್ಗ ಕೊಡಲಾಗಿತ್ತು. ಮೃತನು ಬೆಲ್ಟು ಹಾಕಿಕೊಂಡಿದ್ದರೂ ಅಸಡ್ಡೆಯಿಂದ ಹಗ್ಗಕ್ಕೆ ಸಿಕ್ಕಿಸಿರಲಿಲ್ಲ..."

ತಮ್ಮನ ಕಣ್ಣು ಕಿಟಕಿಯ ಗಾಜಿನ ಮೇಲಿತ್ತು. ಅಲ್ಲೊಂದು ಜಿಗಿಯುವ ಜೇಡ ಕೂತಿತ್ತು. ಹೆಸರುಕಾಳಿನಷ್ಟು ಮೈ, ಮೈತುಂಬ ಬೂದು ರೋಮ, ಬಾಯಿಯ ಬಳಿ ಮಿರಿಮಿರಿ ಹಸಿರು. ಹಣೆಯಲ್ಲಿ ಎರಡು ದೊಡ್ಡ ಕಪ್ಪು ಕಣ್ಣು, ಅವುಗಳ ಅಕ್ಕಪಕ್ಕ ಎರಡು ಚಿಕ್ಕವು, ತಲೆಯ ಮೇಲೆ ಇನ್ನು ನಾಲ್ಕು. ಗೇಣು ದೂರದಲ್ಲಿ ನೊಣವೊಂದು ಕೈ ಉಜ್ಜಿಕೊಳ್ಳುತ್ತಿತ್ತು. ಜೇಡ ಮೈಯನ್ನೇ ತಿರುಗಿಸಿ ಅದನ್ನು ನೋಡಿತು. ಬೆಕ್ಕಿನ ಹಾಗೆ ಎರಡು ಹೆಜ್ಜೆ ಇಟ್ಟಿತು, ನಿಂತಿತು.

ಇಂಥದ್ದು ಗಾಜಿನ ಮೇಲೆ ಸಿಕ್ಕಿದರೆ ಭಾವ ಒರೆಸುವ ಕೈ ನಿಲ್ಲಿಸಿಬಿಡುತ್ತಿದ್ದ. ಬೆರಳು ಒಡ್ಡುತ್ತಿದ್ದ. ಅದು ತಲೆಯೆತ್ತಿ ಅವನನ್ನೇ ದಿಟ್ಟಿಸುತ್ತಿತ್ತು.

"ಬಲೆ ಹೆಣೆದು ಮೂಲೇಲಿ ಕೂತು ಉಣ್ಣೋದು ಸಾಹುಕಾರ ಜೇಡ ಕಣೋ ಬಾಮೈದ. ಇವನು ದಿನಗೂಲಿ. ನೋಡ್ಬೇಕು, ಅಳೀಬೇಕು, ನೆಗೀಬೇಕು. ಆಮೇಲೆ ಊಟ."

ಒಮ್ಮೆ ಗಂಡೊಂದು ಮುಂಗಾಲು ಮೇಲೆತ್ತಿ, ಹೊಟ್ಟೆ ನಡುಗಿಸುತ್ತ, ಹೆಣ್ಣಿನ ಮುಂದೆ ಆಚೀಚೆ ಸರಿದು ಕುಣಿಯುವುದನ್ನು ಇಬ್ಬರೂ ನೋಡಿದ್ದರು. "ಹಿಡಿಸಿದ್ರೆ ಸಂಸಾರ, ಹಿಡಿಸ್ದಿದ್ರೆ ಅವಳ ಹೊಟ್ಟೆಗೆ! ನಿಮ್ಮಕ್ಕನ ಮುಂದೆ ನಾನೂ ಹೀಗೇ ಕುಣಿದಿದ್ದು," ಎಂದು ಭಾವ ನಕ್ಕಾಗ ಹಲಗೆಯೇ ಅಲ್ಲಾಡಿತ್ತು.

ಆದರೆ ಭಾವ ನಗದೆ ನೋಡುತ್ತಿದ್ದದ್ದು ಒಂದನ್ನು ಮಾತ್ರ. ನೆಗೆಯುವ ಮೊದಲು ಜೇಡ ತನ್ನ ಹಿಂಭಾಗವನ್ನು ಗಾಜಿಗೆ ತಾಕಿಸುತ್ತದೆ, ಅಲ್ಲೊಂದು ನೂಲು ಅಂಟಿಸುತ್ತದೆ. ಗುರಿ ತಪ್ಪಿದರೆ ಆ ನೂಲಿನಲ್ಲೇ ತೂಗಿ ಮತ್ತೆ ಹತ್ತುತ್ತದೆ. "ನೂಲಿಲ್ದೆ ಒಂದು ನೆಗೆತ ನೆಗೆಯಲ್ಲ ನೋಡು. ನಮಗಿರೋ ಬುದ್ಧಿಗೆ ಬೆಂಕಿ ಹಾಕ!"

ಬುದ್ಧಿಗೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಹಗ್ಗಕ್ಕೆ. ಇಬ್ಬರಿಗೂ ಸೇರಿ ಒಂದೇ ಬೆಲ್ಟು, ಒಂದೇ ಜೀವದ ಹಗ್ಗ. ಊಟದವರೆಗೆ ಒಬ್ಬನಿಗೆ, ಊಟದ ಮೇಲೆ ಇನ್ನೊಬ್ಬನಿಗೆ. ಇನ್ನೊಂದು ಕೇಳಿದಾಗಲೆಲ್ಲ ಮೇಸ್ತ್ರಿ "ಮುಂದಿನ ವಾರ" ಎನ್ನುತ್ತಿದ್ದ. ಕೇಳಿ ಕೇಳಿ ಸಾಕಾಗಿ, ಸರದಿಯನ್ನೇ ನ್ಯಾಯ ಅಂದುಕೊಂಡು ಅದಕ್ಕೆ ಒಗ್ಗಿಹೋಗಿದ್ದರು. ಸಾವನ್ನು ಸಮಪಾಲು ಮಾಡಿಕೊಳ್ಳುವ ಇಂಥ ನ್ಯಾಯ ಬಡವರಿಗಲ್ಲದೆ ಇನ್ಯಾರಿಗೆ ಹೊಳೆದೀತು?

ಗಾಜಿನ ಮೇಲಿನ ಜೇಡ ನೆಗೆಯಿತು. ನೊಣದ ರೆಕ್ಕೆ ಒಮ್ಮೆ ಗುಂಯ್ ಎಂದು ನಿಂತುಹೋಯಿತು.

"ಕೇಳಿಸ್ತೇನಪ್ಪಾ?" ಗುತ್ತಿಗೆದಾರ ಪೆನ್ನು ಮುಂದಕ್ಕೆ ತಳ್ಳಿದ. "ನಿಂದೊಂದು ಸಹಿ, ನಿಮ್ಮಕ್ಕಂದೊಂದು. ಸೋಮವಾರದಿಂದ ನೀನು ಕೆಲಸಕ್ಕೆ ಬಾ. ಅಕ್ಕಂಗೂ ಒಳಗೆ ಗುಡಿಸೋ ಕೆಲಸ ಕೊಡೋಣ. ಹೋದವನು ಹೋದ, ಇರೋರು ಬದುಕ್ಬೇಕಲ್ಲ."

ಅಕ್ಕ ಕಾಗದ ನೋಡಲಿಲ್ಲ, ತಮ್ಮನನ್ನು ನೋಡಿದಳು. ಐದು ದಿನದಿಂದ ಕೇಳುತ್ತಿದ್ದುದನ್ನೇ ಕೇಳಿದಳು. "ಅವರು ನಿಜವಾಗ್ಲೂ ಹಗ್ಗ ಸಿಕ್ಕಿಸ್ಕೊಂಡಿರ್ಲಿಲ್ವೇನೋ? ಬಾಗಿಲ ಚಿಲಕ ಮೂರು ಸಲ ನೋಡ್ತಿದ್ದ ಮನುಷ್ಯ ಕಣೋ."

ಐದು ದಿನವೂ ಅವನು ನೆಲ ನೋಡಿದ್ದ. ಸಹಿ ಹಾಕಿದರೆ ಇನ್ನು ಜನ್ಮವಿಡೀ ನೆಲ ನೋಡಬಹುದು. ಅಕ್ಕನಿಗೆ ಯಾವತ್ತೂ ಗೊತ್ತಾಗುವುದಿಲ್ಲ.

"ಇದ್ದದ್ದು ಒಂದೇ ಹಗ್ಗ, ಅಕ್ಕ," ಎಂದ. "ಅವತ್ತು ಬೆಳಿಗ್ಗೆ ಭಾವನ ಸರದಿ. ನಂಗೆ ಜ್ವರ ಇತ್ತು. ತಲೆ ತಿರುಗಿದ್ರೆ ಏನೋ ಗತಿ ಅಂತ ಬಿಚ್ಚಿ ನಂಗೆ ಕಟ್ಟಿದ್ರು. ನಾನು ಬೇಡ ಅನ್ಲಿಲ್ಲ. ಅವರ ಮೈಮೇಲೆ ಇದ್ದ ಬೆಲ್ಟು, ಬಿದ್ದ ಮೇಲೆ ಇವರು ಕಟ್ಟಿದ್ದು. ಮೇಲಿಂದ ಕಣ್ಣಾರೆ ನೋಡ್ದೆ. ಸಹಿ ಹಾಕಲ್ಲ ನಾನು."

ಅಕ್ಕ ಅಳಲಿಲ್ಲ. ಕುರ್ಚಿಯನ್ನು ಕರ್ರೆಂದು ಎಳೆದು ತಮ್ಮನಿಂದ ಒಂದು ಮಾರು ದೂರ ಹಾಕಿಕೊಂಡಳು.

ಗುತ್ತಿಗೆದಾರ ಅದನ್ನು ಗಮನಿಸಿದ. ಅವನ ದನಿ ಬೆಣ್ಣೆಯಾಯಿತು. "ನೋಡಿದ್ಯೇನಮ್ಮ? ನಿನ್ನ ಗಂಡನ ಹಗ್ಗ ಕಟ್ಕೊಂಡು ಬದುಕಿದವನು ಇವನು. ಒಡಹುಟ್ಟಿದವನೇ ಮುಳುವಾದ. ಇವನೇ ಕಿತ್ಕೊಂಡ ಅಂತ ಬೇರೆ ಕಾಗದ ಬರೆಸ್ತೀನಿ, ನೀನೊಂದು ಸಹಿ ಹಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮೇಸ್ತ್ರಿ ಬಿಳಿ ಹಾಳೆ ತೆಗೆದು ಮೇಜಿನ ಮೇಲೆ ನೀವಿ ಇಟ್ಟ.

ಅಕ್ಕ ಮೇಸ್ತ್ರಿಯ ಆ ಕೈಗಳನ್ನೇ ನೋಡಿದಳು.

"ಇವನ ಮುಖ ಇನ್ಮೇಲೆ ನೋಡ್ತೀನೋ ಬಿಡ್ತೀನೋ, ಅದು ನಮ್ಮ ಮನೆ ಮಾತು," ಎಂದಳು. "ಆ ಬೆಲ್ಟು ಕಟ್ಟುವಾಗ ಅವರ ಮೈ ಇನ್ನೂ ಬಿಸಿ ಇತ್ತೇನಪ್ಪ?"

ಮೇಸ್ತ್ರಿ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಸಹಿ ಹಾಕಮ್ಮ," ಎಂದ ಗುತ್ತಿಗೆದಾರ.

"ಹಾಕಲ್ಲ."