ಮಂದಿ ಬಾಗಿಲಿಗೆ ಆಸರೆ

ಗಜೇಂದ್ರಗಡದ ಸಂತೆಯಲ್ಲಿ ಮುತ್ತಣ್ಣನಿಗೆ ಮಿರ್ಚಿ ಕರಿಯುವುದಕ್ಕಿಂತ ಪಕ್ಕದ ಗಾಡಿ ನೋಡುವುದೇ ದೊಡ್ಡ ಕೆಲಸವಾಗಿತ್ತು. ಅದು ಯಮನೂರಸಾಬನ ಚಹಾ ಗಾಡಿ. ಇಬ್ಬರವೂ ಒಂದೇ ನಮೂನೆಯ ಪುಟ್ಟ ಟ್ರೇಲರ್‌ಗಳು. ಒಳಗೆ ಗಂಡ ಹೆಂಡತಿ ಮಲಗುವಷ್ಟು ಜಾಗ. ಹಿಂದಿನ ತಗಡಿನ ಬಾಗಿಲು ಮೇಲಕ್ಕೆತ್ತಿದರೆ ಅದೇ ಒಲೆಗೆ ನೆರಳು. ಬಾಗಿಲು ಎತ್ತಿಹಿಡಿಯುವ, ಗ್ಯಾಸ್ ತುಂಬಿದ ಕಬ್ಬಿಣದ ಕಡ್ಡಿಗಳು ಒಂದೇ ಮಳೆಗಾಲಕ್ಕೆ ಇಬ್ಬರಲ್ಲೂ ಕೆಟ್ಟುಹೋಗಿದ್ದವು. ಮುತ್ತಣ್ಣ ಒಂದು ಜಾಲಿ ಕೋಲು ಆನಿಸಿ ಸುಮ್ಮನಾದ. ಅದು ಜಾರಿ, ಬಾಗಿಲು ಎರಡು ಸಲ ಅವನ ಹೆಂಡತಿ ಅನಿತಾಳ ಹೆಗಲ ಮೇಲೆ ಬಿದ್ದಿತ್ತು.

ಯಮನೂರಸಾಬನೋ, ಸಂತೆಯಲ್ಲಿ ನೆರಳಿಗೆ ನೆಡುವಂಥ ಒಂದು ಮುರುಕು ಛತ್ರಿಯ ಕೊಳವೆಗಳನ್ನು ಕತ್ತರಿಸಿ, ಒಂದರೊಳಗೊಂದು ತೂರಿಸಿ, ಸಾಲು ತೂತು ಕೊರೆದು, ಮೊಳೆ ಸಿಕ್ಕಿಸಿ ಎರಡು ಕಾಲು ಮಾಡಿಕೊಂಡಿದ್ದ. ಬಾಗಿಲು ಗಾಳಿಗೂ ಅಲುಗುತ್ತಿರಲಿಲ್ಲ.

"ಹ್ಯಾಂಗ ನಿಂತೈತಿ ನೋಡ್ರಿ, ನವಿಲು ಗರಿ ಬಿಚ್ಚಿದಂಗ," ಎಂದಳು ಅನಿತಾ. "ಅದು ನೀವು ನರಗುಂದದ ಸಂತ್ಯಾಗ ಮುರದೈತಂತ ಒಗದು ಬಂದ ಛತ್ರಿನ."

ಮುತ್ತಣ್ಣನ ಎದೆಯಲ್ಲಿ ಕಾದ ಎಣ್ಣೆ ಚುರ್ರೆಂದಿತು. ತನ್ನ ಕೈಗೆಲಸವನ್ನು ಇವಳು ಒಂದು ದಿನವಾದರೂ ಹೀಗೆ ಹೊಗಳಿದ್ದುಂಟೇ?

ಮಧ್ಯಾಹ್ನ ಯಮನೂರಸಾಬ ನಮಾಜಿಗೆ ಹೋದ. ಅವನ ಹೆಂಡತಿ ಮದರಬಿ ಹಾಲು ಕಾಯಿಸುತ್ತಿದ್ದಳು. ಚಹಾದ ನೆವದಲ್ಲಿ ಹೋದ ಮುತ್ತಣ್ಣ, ತೂತಿನ ಅಳತೆ ನೋಡಲು ಮೊಳೆ ಎಳೆದೇಬಿಟ್ಟ. ಕೊಳವೆ ಸರ್ರನೆ ಕೊಳವೆಯೊಳಗೆ ಇಳಿದು, ಬಾಗಿಲು ವಾಲಿ ಕುದಿಯುವ ಹಾಲಿನ ಮೇಲೆ ಬರತೊಡಗಿತು. ಎರಡೂ ಕೈಯಿಂದ ತಡೆದ. ಮೊಳೆ ಕೆಳಗೆ ಬಿತ್ತು. ಕೂಗಿದರೆ ಅನಿತಾಗೆ ಕೇಳಿಸುತ್ತದೆ.

"ಏನ್ ಮಾಡಾಕತ್ತೀರಿ ಅಣ್ಣಾರ?"

"ಏನಿಲ್ಲ ಭಾಬಿ, ನೆರಳು ನೋಡಾಕತ್ತೀನಿ."

"ಕೈ ಎತ್ತಿ ನೋಡ್ತಾರೇನ್ರಿ ನೆರಳು?"

ಚಹಾಕ್ಕೆ ಬಂದವನೊಬ್ಬ ಅವನ ಭುಜಕ್ಕೆ ತನ್ನ ಚೀಲ ತೂಗುಹಾಕಿ ಆರಾಮಾಗಿ ಕಪ್ಪು ಮುಗಿಸಿದ. ಕೊನೆಗೆ ಅನಿತಾಳೇ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಳು.

"ಚಲೋ ಆತ ಬಿಡ್ರಿ. ನಮ್ಮ ಬಾಗಲಕ್ಕ ಜಾಲಿ ಕೋಲು, ಮಂದಿ ಬಾಗಲಕ್ಕ ನನ್ನ ಗಂಡ!"

ಅಷ್ಟರಲ್ಲಿ ಬಂದ ಯಮನೂರಸಾಬ ಮೊಳೆ ಹೆಕ್ಕಿ ತೂತಿಗೆ ಸಿಕ್ಕಿಸಿದ. "ಕೇಳಿದ್ರ ನಾನ ಮಾಡಿಕೊಡ್ತಿದ್ನಲ್ಲೋ ಮುತ್ತಣ್ಣ."

"ನನಗೇನ್ ಕೈ ಇಲ್ಲೇನು?"

ಸಂಜೆ ಮುತ್ತಣ್ಣ ತನ್ನ ಗಾಡಿಯ ಗಟ್ಟಿಮುಟ್ಟಾದ ಹೊಸ ಛತ್ರಿಯ ಕೊಳವೆಯನ್ನೇ ಗರಗಸಕ್ಕೆ ಕೊಟ್ಟ. ಅಂಥವೇ ಎರಡು ಕಾಲು ಮಾಡಿ, ಯಮನೂರಸಾಬನದಕ್ಕಿಂತ ಒಂದು ಗೇಣು ಎತ್ತರಕ್ಕೆ ಬಾಗಿಲು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಇಳಿಬಿಸಿಲು ನೇರ ಅವಳ ಕಣ್ಣಿಗೆ ಹೊಡೆಯುತ್ತಿತ್ತು; ಅಡ್ಡ ನಿಲ್ಲಿಸಲು ಈಗ ಛತ್ರಿಯೂ ಇಲ್ಲ.

ಅನಿತಾ ಬಾಗಿಲಿಗೆ ಹೆಗಲು ಕೊಟ್ಟು, ಮೊಳೆ ತೆಗೆದು ಒಂದು ತೂತು ಇಳಿಸಿದಳು. ಆ ಬದಿಗೂ ಹಾಗೆಯೇ ಮಾಡಿದಳು.

"ಈಗ ಖರೇ ಚಲೋ ಆತ್ರಿ. ನನ್ನ ಹೆಗಲು ಉಳೀತು."

ಇಷ್ಟು ದಿನ ಕಾದಿದ್ದ ಮಾತು. ಮುತ್ತಣ್ಣ ಹಿಗ್ಗಿದ. ಆದರೂ ಓರೆಗಣ್ಣು ಪಕ್ಕಕ್ಕೆ ಹೋಯಿತು: ಎರಡೂ ಬಾಗಿಲು ಸರಿಸಮ. ಅನಿತಾ ನೀರು ತರಲು ಹೋಗುವುದನ್ನೇ ಅವನು ಕಾಯತೊಡಗಿದ. ಒಂದೇ ಒಂದು ತೂತು ಮೇಲೇರಿಸಿದರೆ ಸಾಕಿತ್ತು.